ಪೇಟೆಯ ಹೆಸರು, ಹೊಲದ ಬೀಜ

ಬ್ಯಾಡಗಿ ಮಾರುಕಟ್ಟೆಗೆ ಬರುವ ಮೆಣಸಿನಕಾಯಿಯಲ್ಲಿ ಬ್ಯಾಡಗಿ ತಾಲೂಕಿನ ಹೊಲಗಳಲ್ಲೇ ಬೆಳೆದದ್ದು ಸಣ್ಣದೊಂದು ಪಾಲು. ಫೆಬ್ರುವರಿ, ಮಾರ್ಚ್ ತಿಂಗಳ ಸೋಮವಾರವೋ ಗುರುವಾರವೋ ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗುವ ಲಾರಿಗಳನ್ನು ನೋಡುತ್ತ ನಿಂತರೆ ಇದು ತಿಳಿಯುತ್ತದೆ. ಕುಂದಗೋಳ, ನವಲಗುಂದ, ಗದಗ, ಸವಣೂರು, ಶಿಗ್ಗಾವಿ ಕಡೆಯ ಚೀಲಗಳು ಇರುತ್ತವೆ. ಅವುಗಳಿಗಿಂತ ಎಷ್ಟೋ ಹೆಚ್ಚಾಗಿ ಬಳ್ಳಾರಿ, ರಾಯಚೂರು ಸೀಮೆಯ ಚೀಲಗಳು ಬರುತ್ತವೆ. ಆಂಧ್ರದ ಕರ್ನೂಲು, ತೆಲಂಗಾಣದ ಗದ್ವಾಲ ಕಡೆಯಿಂದ ರಾತ್ರಿಯಿಡೀ ಓಡಿ ಬಂದ ಲಾರಿಗಳೂ ಅದೇ ಸಾಲಿನಲ್ಲಿ ನಿಂತಿರುತ್ತವೆ. ಹಂಗಾಮು ಏರಿದ ದಿನ ಒಂದೇ ಪೇಟೆಗೆ ಲಕ್ಷಗಟ್ಟಲೆ ಚೀಲ ಬಂದು ಬೀಳುತ್ತವೆ. ಪ್ರಾಂಗಣ ತುಂಬಿ, ದಲಾಲಿ ಅಂಗಡಿಗಳ ಮುಂದಿನ ಕಟ್ಟೆ ತುಂಬಿ, ರಸ್ತೆಯೂ ಕೆಂಪಾಗುತ್ತದೆ. ಇಲ್ಲಿಂದ ಹೊರಟ ಮೇಲೆ ಆ ಎಲ್ಲ ಕಾಯಿಗೂ ಲೋಕ ಕೊಡುವ ಹೆಸರು ಒಂದೇ: ಬ್ಯಾಡಗಿ.

ಹೊಲದಿಂದಲ್ಲದೆ ಪೇಟೆಯಿಂದ ಹೆಸರು ಬರುವುದು ನಮ್ಮ ಹಾವೇರಿ ಜಿಲ್ಲೆಗೆ ಹೊಸದೇನಲ್ಲ. ಹಾವೇರಿಯನ್ನು ಏಲಕ್ಕಿ ಕಂಪಿನ ನಾಡು ಎನ್ನುತ್ತೇವೆ. 2023ರ ಜನವರಿಯಲ್ಲಿ ಇಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗಲೂ ಊರಿನ ಗುರುತಾಗಿ ಎಲ್ಲರ ಕಣ್ಣಿಗೆ ಬಿದ್ದದ್ದು ಏಲಕ್ಕಿ ಹಾರ. ಆದರೆ ಏಲಕ್ಕಿ ಬೆಳೆಯುವುದು ಮಲೆನಾಡಿನ ನೆರಳಿನಲ್ಲಿ, ನಮ್ಮ ಎರೆಹೊಲದಲ್ಲಲ್ಲ. ಘಟ್ಟದ ಅಂಚಿನಿಂದ ಬಂದ ಕಾಯನ್ನು ತೊಳೆದು, ಬಿಳುಪು ಮಾಡಿ, ಗಾತ್ರ ನೋಡಿ ವಿಂಗಡಿಸಿ ದೂರದ ಊರುಗಳಿಗೆ ಕಳಿಸಿದ್ದು ಹಾವೇರಿಯ ವರ್ತಕರು. ಆ ವ್ಯಾಪಾರ ಕುಗ್ಗಿ ಎಷ್ಟೋ ಕಾಲವಾಗಿದೆ. ಕೆಲವು ಕುಶಲಕರ್ಮಿ ಮನೆತನಗಳ ಕೈಯಲ್ಲಿ ಹಾರವಾಗಿ ಹೆಸರು ಮಾತ್ರ ಉಳಿದಿದೆ.

ಇನ್ನೂ ಹಿಂದಕ್ಕೆ ಹೋದರೆ ಹತ್ತಿಯ ಕತೆ ಸಿಗುತ್ತದೆ. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಮುಂಬಯಿ ಸೇರುತ್ತಿತ್ತು. ಮುಂಬಯಿಯ, ಇಂಗ್ಲೆಂಡಿನ ವ್ಯಾಪಾರಿಗಳು ಅದನ್ನು ಕರೆದದ್ದು ಕುಮಟಾ ಹತ್ತಿ ಎಂದು. ಕಡಲತಡಿಯ ಕುಮಟಾದಲ್ಲಿ ಆ ಹತ್ತಿ ಬೆಳೆಯುತ್ತಿರಲಿಲ್ಲ. ಬೆಳೆದದ್ದು ಹುಬ್ಬಳ್ಳಿ, ಗದಗ, ರಾಣೆಬೆನ್ನೂರು ಸುತ್ತಲಿನ ಕರಿನೆಲ. ಬೆವರು ಒಂದು ಕಡೆ, ಹೆಸರು ಇನ್ನೊಂದು ಕಡೆ. ರೈಲು ಬಂದು ಬಂದರಿನ ದಾರಿ ತಪ್ಪಿದ ಮೇಲೆ ಕುಮಟಾದ ಹೆಸರೂ ಹತ್ತಿ ಪೇಟೆಯಿಂದ ಮಾಸುತ್ತ ಹೋಯಿತು.

ಹೀಗೆ ಪೇಟೆ ಕೊಟ್ಟ ಹೆಸರು ಎಷ್ಟು ಕಾಲ ಬಾಳುತ್ತದೆ, ಯಾವಾಗ ಕೆಡುತ್ತದೆ, ಕೆಟ್ಟದ್ದನ್ನು ಮತ್ತೆ ಎತ್ತಿ ನಿಲ್ಲಿಸಬಹುದೇ? ಬ್ಯಾಡಗಿಯ ಇವತ್ತಿನ ಸ್ಥಿತಿಯನ್ನು ಯೋಚಿಸುವಾಗಲೆಲ್ಲ ನನ್ನ ಮನಸ್ಸು ಮೆಡಿಟರೇನಿಯನ್ ಸಮುದ್ರದ ಒಂದು ದ್ವೀಪಕ್ಕೆ ಹೋಗುತ್ತದೆ. ಬೂಟಿನಂತೆ ಕಾಣುವ ಇಟಲಿಯ ಕಾಲ್ಬೆರಳಿನ ಮುಂದಿರುವ ಸಿಸಿಲಿ, ಅದರ ಪಶ್ಚಿಮ ತುದಿಯ ಮಾರ್ಸಾಲಾ ಎಂಬ ಬಂದರು. ಆ ಊರಿನ ಹೆಸರು ಹೊತ್ತ ವೈನು ಎರಡೂವರೆ ಶತಮಾನದಲ್ಲಿ ಏರಿದ್ದನ್ನೂ ಬಿದ್ದದ್ದನ್ನೂ ಎದ್ದದ್ದನ್ನೂ ನಮ್ಮ ವರ್ತಕರು, ರೈತರು, ಅಧಿಕಾರಿಗಳು ಎಲ್ಲರೂ ಒಮ್ಮೆ ತಿಳಿದುಕೊಳ್ಳಬೇಕು.

ಪಶ್ಚಿಮ ಸಿಸಿಲಿಯಲ್ಲಿ ದ್ರಾಕ್ಷಿ ಬಹು ಹಿಂದಿನ ಬೆಳೆ. ಬೇಸಿಗೆಯಲ್ಲಿ ಹನಿ ಮಳೆಯಿಲ್ಲ. ಆಫ್ರಿಕಾದ ಕಡೆಯಿಂದ ಬಿಸಿಗಾಳಿ ಬೀಸುತ್ತದೆ. ಅಂಥ ನೆಲದ ಹಣ್ಣಿನಲ್ಲಿ ಸಕ್ಕರೆ ಹೆಚ್ಚು. ಸಕ್ಕರೆ ಹೆಚ್ಚಿದ್ದರೆ ರಸ ಹುದುಗಿದಾಗ ಹುಟ್ಟುವ ಮದ್ಯಸಾರವೂ ಹೆಚ್ಚು. ಅಲ್ಲಿನ ಒಕ್ಕಲುಮನೆಗಳಲ್ಲಿ ದೊಡ್ಡ ಓಕ್ ಪೀಪಾಯಿ ಇರುತ್ತಿತ್ತು. ಅದನ್ನು ಯಾವತ್ತೂ ಪೂರ್ತಿ ಬರಿದು ಮಾಡುತ್ತಿರಲಿಲ್ಲ. ಹಬ್ಬಕ್ಕೆ, ಮದುವೆಗೆ ಬೇಕಾದಷ್ಟು ತೆಗೆದು, ತೆಗೆದಷ್ಟು ಜಾಗಕ್ಕೆ ಆ ವರ್ಷದ ಹೊಸ ವೈನು ತುಂಬುತ್ತಿದ್ದರು. ಅಜ್ಜನ ಕಾಲದ್ದೂ ಮೊಮ್ಮಗನ ಕಾಲದ್ದೂ ಒಂದೇ ಪೀಪಾಯಿಯಲ್ಲಿ ಬೆರೆತು ದಟ್ಟ ಹೊಂಬಣ್ಣಕ್ಕೆ ತಿರುಗುತ್ತಿತ್ತು. ಇದು ಮನೆಯ ವೈನು. ಪೇಟೆಯಲ್ಲಿ ಇದಕ್ಕೆ ಹೆಸರಿರಲಿಲ್ಲ.

ಹೆಸರು ಬಂದದ್ದು 1773ರಲ್ಲಿ. ಜಾನ್ ವುಡ್‌ಹೌಸ್ ಎಂಬ ಇಂಗ್ಲಿಷ್ ವ್ಯಾಪಾರಿ ಆ ವರ್ಷ ಮಾರ್ಸಾಲಾಕ್ಕೆ ಬಂದ. ಇಂಗ್ಲೆಂಡಿನ ಜನ ಪೋರ್ಚುಗಲ್ಲಿನ ಪೋರ್ಟ್, ಸ್ಪೇನಿನ ಶೆರ್ರಿ, ಅಟ್ಲಾಂಟಿಕ್‌ನ ಮದೀರಾ ದ್ವೀಪದ ವೈನುಗಳನ್ನು ಆಗಲೇ ಇಷ್ಟಪಟ್ಟಿದ್ದರು. ಇಲ್ಲಿಯ ವೈನು ಆ ರುಚಿಗೆ ಹತ್ತಿರವಿದೆ, ಬೆಲೆಯೂ ಕಡಿಮೆ ಎಂಬುದು ವುಡ್‌ಹೌಸ್‌ಗೆ ಹೊಳೆಯಿತು. ಕಷ್ಟವೆಂದರೆ ತಿಂಗಳುಗಟ್ಟಲೆ ಹಡಗಿನಲ್ಲಿ ಕುಲುಕಿ ಹೋದರೆ ಸಾಮಾನ್ಯ ವೈನು ಹುಳಿತು ಕೆಡುತ್ತದೆ. ಅದಕ್ಕೆ ಪೀಪಾಯಿಗಳಿಗೆ ದ್ರಾಕ್ಷಿಯಿಂದಲೇ ಭಟ್ಟಿ ಇಳಿಸಿದ ಸ್ಪಿರಿಟ್ ಬೆರೆಸಿ ಕಳಿಸಿದ. ಮದ್ಯಸಾರದ ಪ್ರಮಾಣ ಹದಿನೇಳು ಹದಿನೆಂಟು ಪ್ರತಿಶತ ಮುಟ್ಟಿತೆಂದರೆ ವೈನನ್ನು ಕೆಡಿಸುವ ಸೂಕ್ಷ್ಮಜೀವಿಗಳು ಬಹುಪಾಲು ಬದುಕುವುದಿಲ್ಲ. ವೈನು ಕೆಡದೆ ತಲುಪಿತು, ಮಾರಾಟವಾಯಿತು. ವುಡ್‌ಹೌಸ್ ಮರಳಿ ಬಂದು 18ನೇ ಶತಮಾನ ಮುಗಿಯುವ ಮೊದಲೇ ಅಲ್ಲೇ ಕಾರ್ಖಾನೆ ಹೂಡಿದ. ನೆಲ್ಸನ್ ನೇತೃತ್ವದ ಬ್ರಿಟಿಷ್ ನೌಕಾಪಡೆಯೇ ಗಿರಾಕಿಯಾಯಿತು. 1833ರಲ್ಲಿ ವಿಂಚೆಂಜೊ ಫ್ಲೋರಿಯೊ ಎಂಬಾತ ಇಂಗ್ಲಿಷರ ಪಕ್ಕದಲ್ಲೇ ತನ್ನ ಕೋಠಿ ಕಟ್ಟಿದ. ಸುತ್ತಲಿನ ಟ್ರಾಪನಿ ಪ್ರಾಂತದ ಹಳ್ಳಿ ಹಳ್ಳಿಯ ದ್ರಾಕ್ಷಿ ಈ ಬಂದರಿನ ಕೋಠಿಗಳಿಗೆ ಬರತೊಡಗಿತು. ಬೆಳೆದ ಹಳ್ಳಿಯ ಹೆಸರು ಯಾರಿಗೂ ಬೇಕಿರಲಿಲ್ಲ. ಪೀಪಾಯಿಯ ಮೇಲೆ ಮಾರ್ಸಾಲಾ ಎಂದು ಬರೆದಿದ್ದರೆ ಸಾಕಿತ್ತು.

ಇಷ್ಟರವರೆಗೆ ಇದು ಬ್ಯಾಡಗಿಯದೇ ಕತೆ. ಹೊಸ ಪ್ರಪಂಚದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದ ಕಾಯಿ ನಮ್ಮ ಕರಿನೆಲಕ್ಕೆ ಹೊಂದಿಕೊಂಡಿತು. ತಲೆಮಾರುಗಳ ಕಾಲ ರೈತರು ಆರಿಸಿ ಆರಿಸಿ ಬೀಜ ಇಟ್ಟದ್ದರಿಂದ ಎರಡು ಬಗೆ ನೆಲೆ ನಿಂತವು. ಕಡ್ಡಿ ಉದ್ದ, ತೆಳ್ಳಗೆ, ಮೈತುಂಬ ಸುಕ್ಕು, ಬೀಜ ಕಡಿಮೆ. ಡಬ್ಬಿ ಗಿಡ್ಡ, ದುಂಡಗೆ, ಬೀಜ ಹೆಚ್ಚು, ವಾಸನೆಯೂ ಹೆಚ್ಚು. ಎರಡರಲ್ಲೂ ಖಾರ ಹಿತ, ಬಣ್ಣ ಗಾಢ. ಉಡುಪಿಯ ಹುಳಿಗೆ, ಮಂಗಳೂರಿನ ಕೋಳಿ ಗಸಿಗೆ, ಬೆಂಗಳೂರಿನ ಬಿಸಿಬೇಳೆಬಾತಿನ ಪುಡಿಗೆ ಆ ಕೆಂಪು ಬರುವುದು ಈ ಕಾಯಿಂದ. ಖಾರ ಬೇಕಾದವರು ಇದರ ಜತೆ ನಾಲ್ಕು ಗುಂಟೂರು ಕಾಯಿ ಸೇರಿಸಿಕೊಳ್ಳುತ್ತಾರೆ. ಪೇಟೆಯ ದರಪಟ್ಟಿಯಲ್ಲಿ ಇವತ್ತಿಗೂ ಮೂರು ಸಾಲು: ಕಡ್ಡಿ, ಡಬ್ಬಿ, ಗುಂಟೂರು.

ಬಣ್ಣದ ಹಿಂದಿನ ರಸಾಯನ ಸ್ವಲ್ಪ ಹೇಳಬೇಕು, ಯಾಕೆಂದರೆ ಬ್ಯಾಡಗಿಯ ಬೆಲೆ ನಿಂತಿರುವುದೇ ಅದರ ಮೇಲೆ. ಕಾಯಿ ಹಣ್ಣಾಗುವಾಗ ಅದರ ಹಸಿರು ಕರಗಿ ಕ್ಯಾಪ್ಸಾಂಥಿನ್, ಕ್ಯಾಪ್ಸೊರುಬಿನ್ ಎಂಬ ಕೆಂಪು ವರ್ಣದ್ರವ್ಯಗಳು ತುಂಬಿಕೊಳ್ಳುತ್ತವೆ. ಖಾರ ಕೊಡುವ ಕ್ಯಾಪ್ಸೈಸಿನ್ ಬೇರೆಯೇ ವಸ್ತು. ಒಂದು ಹೆಚ್ಚಿದ್ದ ಮಾತ್ರಕ್ಕೆ ಇನ್ನೊಂದು ಹೆಚ್ಚಿರಬೇಕೆಂದಿಲ್ಲ, ಹಾಗಾಗಿಯೇ ಬ್ಯಾಡಗಿ ಇಷ್ಟು ಕೆಂಪಾಗಿದ್ದೂ ಬಾಯಿ ಸುಡುವುದಿಲ್ಲ. ಪುಡಿಯನ್ನು ಅಸಿಟೋನಿನಲ್ಲಿ ನೆನೆಸಿ, ಬಿಟ್ಟ ಬಣ್ಣದ ಮೂಲಕ ಬೆಳಕು ಹಾಯಿಸಿ, ಎಷ್ಟು ಬೆಳಕು ಹೀರಿಕೊಂಡಿತು ಎಂದು ಅಳೆಯುತ್ತಾರೆ. ಆ ಅಳತೆಯನ್ನು ಆಸ್ಟಾ ಮೌಲ್ಯ ಎನ್ನುತ್ತಾರೆ. ಒಳ್ಳೆಯ ಬ್ಯಾಡಗಿ ಕಾಯಿ 150ರ ಆಚೆ ಹೋಗುತ್ತದೆ. ಈ ಬಣ್ಣವನ್ನು ದ್ರಾವಕದಲ್ಲಿ ಇಳಿಸಿ ತೆಗೆದ ಗಟ್ಟಿ ಎಣ್ಣೆಯೇ ಓಲಿಯೋರೆಸಿನ್. ಅದು ಸಾಸಿಗೆ, ಮಾಂಸದ ತಿನಿಸಿಗೆ, ತುಟಿಬಣ್ಣಕ್ಕೆ, ಉಗುರುಬಣ್ಣಕ್ಕೆ ಹೋಗುತ್ತದೆ. ಕೇರಳದ ಕೊಚ್ಚಿ ಸುತ್ತಲಿನ ಕಾರ್ಖಾನೆಗಳು ಬಹುಕಾಲದಿಂದ ಇಲ್ಲಿಯ ದೊಡ್ಡ ಗಿರಾಕಿಗಳು. ವುಡ್‌ಹೌಸ್ ಮಾರ್ಸಾಲಾವನ್ನು ಮನೆಯ ಪೀಪಾಯಿಯಿಂದ ಎತ್ತಿ ಲೋಕದ ಪೇಟೆಗಿಟ್ಟಂತೆ, ಬ್ಯಾಡಗಿಯನ್ನು ಅಡುಗೆಮನೆಯಿಂದ ಕಾರ್ಖಾನೆಗೆ ಕೊಂಡೊಯ್ದದ್ದು ಈ ಎಣ್ಣೆ.

ಇನ್ನು ಬಿಸಿಲು. ಕೆಂಪು ಕಾಯಿ ಬಿಡಿಸಿ ತಂದು ಕಣದಲ್ಲಿ ಹರವುತ್ತಾರೆ. ದಿನಕ್ಕೆರಡು ಸಲ ಕೈಯಾಡಿಸಿ ಮಗ್ಗುಲು ಬದಲಿಸಬೇಕು. ಸಂಜೆ ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಹೊದಿಸಬೇಕು, ಬೆಳಿಗ್ಗೆ ಮತ್ತೆ ಹರವಬೇಕು. ಮೂರು ನಾಲ್ಕು ಕೆ.ಜಿ. ಹಣ್ಣುಕಾಯಿ ಒಣಗಿ ಒಂದು ಕೆ.ಜಿ. ಆಗುತ್ತದೆ. ತೇವಾಂಶ ಹತ್ತು ಪ್ರತಿಶತದ ಆಸುಪಾಸಿಗೆ ಇಳಿಯಬೇಕು. ಅದಕ್ಕಿಂತ ಹೆಚ್ಚಿದ್ದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ, ಪರದೇಶದ ಬಂದರಿನಿಂದ ಸರಕು ವಾಪಸಾಗುತ್ತದೆ. ತೀರಾ ಒಣಗಿದರೆ ಕಾಯಿ ಚೀಲದಲ್ಲೇ ಪುಡಿಯಾಗುತ್ತದೆ, ಬಿಸಿಲಿನಲ್ಲಿ ಹೆಚ್ಚು ದಿನ ಬಿಟ್ಟರೆ ಬಣ್ಣ ಹಾರುತ್ತದೆ. ಈ ಹದ ಯಾವ ಯಂತ್ರದಲ್ಲೂ ಇಲ್ಲ, ಹೊಲದ ಮನೆಯ ಹೆಣ್ಣುಮಕ್ಕಳ ಕೈಯಲ್ಲಿದೆ. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸದ್ದು ಕೇಳಿಯೇ ಇನ್ನೂ ಎರಡು ಬಿಸಿಲು ಬೇಕು ಎಂದು ಹೇಳಬಲ್ಲವರು ನಮ್ಮ ಊರುಗಳಲ್ಲಿ ಇದ್ದಾರೆ.

ಸಿಸಿಲಿಯ ದಕ್ಷಿಣಕ್ಕೆ, ಟ್ಯುನೀಸಿಯಾಕ್ಕೇ ಹೆಚ್ಚು ಹತ್ತಿರವಾಗಿ, ಪಾಂಟೆಲ್ಲೆರಿಯಾ ಎಂಬ ಸಣ್ಣ ಜ್ವಾಲಾಮುಖಿ ದ್ವೀಪವಿದೆ. ಗಾಳಿಯ ಹೊಡೆತಕ್ಕೆ ಬಳ್ಳಿ ನಿಲ್ಲುವುದಿಲ್ಲವೆಂದು ಅಲ್ಲಿಯ ರೈತರು ನೆಲದಲ್ಲಿ ತಗ್ಗು ತೋಡಿ, ಅದರೊಳಗೆ ಬಳ್ಳಿಯನ್ನು ಗಿಡ್ಡ ಪೊದೆಯಂತೆ ಬೆಳೆಸುತ್ತಾರೆ. ಜಿಬಿಬ್ಬೊ ಎಂಬ ಪರಿಮಳದ ದ್ರಾಕ್ಷಿ. ಕೊಯ್ದ ಗೊಂಚಲನ್ನು ಬಿಸಿಲಿಗೆ ಹರವಿ, ಮಗ್ಗುಲು ತಿರುಗಿಸಿ, ರಾತ್ರಿ ಹೊದಿಸಿ, ನೀರಿಂಗಿ ಸಕ್ಕರೆ ದಟ್ಟವಾದ ಮೇಲೆ ಅದರಿಂದ ಪಾಸಿತೊ ಎಂಬ ಸಿಹಿ ವೈನು ಮಾಡುತ್ತಾರೆ. ನಮ್ಮ ಕಣದ ಕೆಲಸವೇ ಇದು. 2014ರಲ್ಲಿ ಯುನೆಸ್ಕೊ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಆ ವೈನನ್ನಲ್ಲ, ತಗ್ಗಿನಲ್ಲಿ ಬಳ್ಳಿ ಬೆಳೆಸುವ ಆ ರೈತರ ಬೇಸಾಯ ಪದ್ಧತಿಯನ್ನು. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಕುಂದಗೋಳದ ಒಣಬೇಸಾಯದಲ್ಲಿ ಒಂದೇ ಹೊಲದಲ್ಲಿ ಮೆಣಸಿನಕಾಯಿ, ಹತ್ತಿ, ಉಳ್ಳಾಗಡ್ಡಿ ಮೂರನ್ನೂ ಸಾಲಾಗಿ ನಡೆಸುವ ಪದ್ಧತಿಯಿದೆ. ಉಳ್ಳಾಗಡ್ಡಿ ಮೊದಲು ಕೈಗೆ ಬಂದು ಖರ್ಚಿಗಾಗುತ್ತದೆ, ಆಮೇಲೆ ಮೆಣಸಿನಕಾಯಿ, ಕೊನೆಗೆ ಹತ್ತಿ. ಮಳೆ ಒಂದಕ್ಕೆ ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ. ಆ ದ್ವೀಪದ ತಗ್ಗಿಗಿಂತ ಇದು ಕಡಿಮೆ ಜಾಣ್ಮೆಯದಲ್ಲ.

ದ್ರಾಕ್ಷಿಯ ಮಾತು ಬಂದದ್ದರಿಂದ ನಮ್ಮದೇ ರಾಜ್ಯದ ಒಂದು ಉದಾಹರಣೆ. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಸುತ್ತ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ ಬೆಳೆದು, ನೆರಳಿನ ಶೆಡ್ಡುಗಳಲ್ಲಿ ಹಲಗೆಯ ಮೇಲೆ ಹಲಗೆ ಕಟ್ಟಿ ಒಣಗಿಸಿ ಮಣೂಕ ಮಾಡುತ್ತಾರೆ. ಗುಣದಲ್ಲಿ ಯಾವುದಕ್ಕೂ ಕಡಿಮೆಯಿಲ್ಲ. ಆದರೆ ಬಹುಕಾಲ ಅದು ಮಾರಾಟಕ್ಕೆ ಹೋದದ್ದು ಮಹಾರಾಷ್ಟ್ರದ ಸಾಂಗ್ಲಿ, ತಾಸಗಾಂವ ಪೇಟೆಗಳಿಗೆ. ಸಾಂಗ್ಲಿ ಒಣದ್ರಾಕ್ಷಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ನಂದಿಬೆಟ್ಟದ ತಪ್ಪಲಿನಲ್ಲಿ 1988ರಲ್ಲಿ ಗ್ರೋವರ್ ಸಂಸ್ಥೆ ವೈನ್ ದ್ರಾಕ್ಷಿ ತೋಟ ಶುರು ಮಾಡಿತು, 2007ರಲ್ಲಿ ಸರ್ಕಾರ ವೈನ್ ನೀತಿ ತಂದಿತು, ಮಂಡಳಿ ರಚಿಸಿತು. ಕರ್ನಾಟಕದ ವೈನುಗಳು ಒಳ್ಳೆಯ ಹೆಸರು ಗಳಿಸಿವೆ ನಿಜ, ಆದರೆ ಅಂಗಡಿಯಲ್ಲಿ ಗಿರಾಕಿ ಕೇಳುವುದು ಕಂಪನಿಯ ಹೆಸರನ್ನು, ನೆಲದ ಹೆಸರನ್ನಲ್ಲ. ಇವೆರಡನ್ನೂ ನೋಡಿದಾಗ ಬ್ಯಾಡಗಿಯ ಭಾಗ್ಯ ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ. ಯಾವ ಜಾಹೀರಾತೂ ಇಲ್ಲದೆ, ಒಂದು ಊರಿನ ಹೆಸರು ದೇಶದ ಅಡುಗೆಮನೆಯ ಮಾತಾಗಿದೆ.

ಮಾರ್ಸಾಲಾಕ್ಕೂ ಅಂಥ ಭಾಗ್ಯವಿತ್ತು. ಅದು ಕೆಟ್ಟದ್ದು ಹೇಗೆಂದು ನೋಡೋಣ. ಬೇಡಿಕೆ ಹೆಚ್ಚಿದಂತೆ ಗ್ರಿಲ್ಲೊ ಎಂಬ ಕಸುವುಳ್ಳ ದ್ರಾಕ್ಷಿಯ ಜಾಗಕ್ಕೆ ಹೆಚ್ಚು ಇಳುವರಿಯ ಕತರಾತ್ತೊ ಬಂತು. ಇಳುವರಿ ಏರಿತು, ರಸ ತೆಳುವಾಯಿತು. ತೆಳುವಾದದ್ದನ್ನು ಮುಚ್ಚಲು ಮೊಟ್ಟೆ, ಬಾದಾಮಿ, ಕಾಫಿ ಬೆರೆಸಿದ ಸಿಹಿ ಪೇಯಗಳು ಅದೇ ಹೆಸರಿನಲ್ಲಿ ಅಂಗಡಿ ತುಂಬಿದವು. 1969ರಲ್ಲಿ ಇಟಲಿ ಸರ್ಕಾರ ಮಾರ್ಸಾಲಾಕ್ಕೆ ಮೂಲಸ್ಥಾನದ ರಕ್ಷಣೆ ಕೊಟ್ಟಿತು, ಟ್ರಾಪನಿ ಪ್ರಾಂತದ ಗಡಿ ಗುರುತಿಸಿತು. ಗಡಿ ಗುರುತಿಸಿದ್ದರಿಂದಲೇ ಹೆಸರು ಉಳಿಯಲಿಲ್ಲ. ಗಡಿಯೊಳಗೇ ಕಲಬೆರಕೆಯ ಮಾರ್ಸಾಲಾ ನಡೆದಿತ್ತು. ಊಟದ ಮೇಜಿನ ಮೇಲೆ ಗೌರವದಿಂದ ಇಡುತ್ತಿದ್ದ ವೈನು ಕೊನೆಗೆ ಅಡುಗೆಗೆ ಸುರಿಯುವ ಪದಾರ್ಥವಾಗಿ ಉಳಿಯಿತು. ಆಗ 1984ರಲ್ಲಿ ಕಾನೂನು ಬಿಗಿ ಮಾಡಿದರು. ಬೆರಕೆಯ ಸಿಹಿ ಪೇಯಗಳು ಮಾರ್ಸಾಲಾ ಎಂಬ ಹೆಸರು ಬಿಟ್ಟುಕೊಡಬೇಕಾಯಿತು. ಬಣ್ಣ ಯಾವುದು, ಪೀಪಾಯಿಯಲ್ಲಿ ಒಂದು ವರ್ಷ ಇತ್ತೇ, ಎರಡು ವರ್ಷವೇ, ಐದು ವರ್ಷವೇ ಎಂಬುದೆಲ್ಲ ಸೀಸೆಯ ಮೇಲೆ ಬೇರೆ ಬೇರೆಯಾಗಿ ಕಾಣುವಂತಾಯಿತು. ಮಾರ್ಕೊ ದೆ ಬಾರ್ತೊಲಿಯಂಥ ತಯಾರಕರು ಮತ್ತೆ ಗ್ರಿಲ್ಲೊ ಹುಡುಕಿಕೊಂಡು ಹೋಗಿ, ಸ್ಪಿರಿಟ್ಟನ್ನೇ ಬೆರೆಸದೆ, ಹಳೆಯ ಮನೆಪೀಪಾಯಿಯ ಕ್ರಮದಲ್ಲಿ ವೈನು ಮಾಡಿ ತೋರಿಸಿದರು. ಗ್ರಿಲ್ಲೊ ಈಗ ಸಿಸಿಲಿಯಲ್ಲಿ ಮರಳಿ ಮರ್ಯಾದೆ ಪಡೆದಿದೆ.

ಬ್ಯಾಡಗಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದು 2011ರ ಫೆಬ್ರುವರಿಯಲ್ಲಿ. ಆ ಹೊತ್ತಿಗಾಗಲೇ ನಮ್ಮ ಕತರಾತ್ತೊ ಹೊಲಕ್ಕೆ ಬರತೊಡಗಿತ್ತು. ಬಳ್ಳಾರಿ, ರಾಯಚೂರು ಕಡೆಯ ನೀರಾವರಿ ನೆಲದಲ್ಲಿ 5531, 2043ರಂಥ ನಂಬರಿನ ಹೈಬ್ರಿಡ್ ತಳಿಗಳು ಹಬ್ಬಿದವು. ನೀರು, ಗೊಬ್ಬರ, ಔಷಧಿ ಕೊಟ್ಟರೆ ಅವು ಒಣಬೇಸಾಯದ ಡಬ್ಬಿಯ ಹಲವು ಪಟ್ಟು ಇಳುವರಿ ಕೊಡುತ್ತವೆ. 2043ರ ಕಾಯಿಯಂತೂ ಸುಕ್ಕಿನಲ್ಲಿ ಕಡ್ಡಿಯನ್ನೇ ಹೋಲುತ್ತದೆ. ಚೀಲ ಬಿಚ್ಚಿ ಸುರಿದಾಗ ನುರಿತ ಕಣ್ಣಿಗೆ ವ್ಯತ್ಯಾಸ ಕಾಣುತ್ತದೆ, ಮುಂದಿನ ಊರಿನ ಗಿರಾಕಿಗೆ ಕಾಣುವುದಿಲ್ಲ. ಪುಡಿಯಾದ ಮೇಲೆ ಯಾರಿಗೂ ಕಾಣುವುದಿಲ್ಲ.

ಹೈಬ್ರಿಡ್ ಬೆಳೆದವರನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ. ಸಾಲ ಮಾಡಿ ಬೋರು ಹಾಕಿಸಿದ ಸಿರುಗುಪ್ಪದ ರೈತನಿಗೂ ಕುಂದಗೋಳದ ರೈತನಿಗೂ ಹೊಟ್ಟೆ ಒಂದೇ. ಎಣ್ಣೆ ಕಾರ್ಖಾನೆಗೆ ಬೇಕಾದಷ್ಟು ಸರಕು ದೇಸಿ ತಳಿಯಿಂದ ಮಾತ್ರ ಬರುವುದೂ ಇಲ್ಲ. ಅವರ ಕಾಯಿಗೆ ಅದರದೇ ಹೆಸರು, ಅದರದೇ ಸಾಲು ಇರಲಿ ಎಂಬುದಷ್ಟೇ ನನ್ನ ಮಾತು.

ಬೀಜದ ಪ್ರಶ್ನೆ ಬಂದಾಗ ರಾಣೆಬೆನ್ನೂರನ್ನು ಬಿಟ್ಟು ಮಾತಾಡಲಾಗದು. ಬ್ಯಾಡಗಿಯಿಂದ ಹೆದ್ದಾರಿಯಲ್ಲಿ ಅರ್ಧ ತಾಸಿನ ದಾರಿಯ ಆ ಊರು ತರಕಾರಿ ಹೈಬ್ರಿಡ್ ಬೀಜೋತ್ಪಾದನೆಗೆ ದೇಶದಲ್ಲೇ ಹೆಸರಾದದ್ದು. ಸುತ್ತಲಿನ ಹಳ್ಳಿಗಳಲ್ಲಿ ಕಂಪನಿಗಳಿಗಾಗಿ ಟೊಮೆಟೊ, ಮೆಣಸಿನಕಾಯಿ, ಸೌತೆ, ಹೀರೆಯ ಬೀಜ ತೆಗೆಯುತ್ತಾರೆ. ಟೊಮೆಟೊ, ಮೆಣಸಿನಕಾಯಿಯಲ್ಲಿ ಇದು ಹೂವು ಅರಳುವ ಮೊದಲೇ ಮೊಗ್ಗು ಬಿಡಿಸಿ ಕೇಸರಗಳನ್ನು ಚಿಮುಟದಿಂದ ಕಿತ್ತು, ಗಂಡು ಸಾಲಿನ ಪರಾಗ ತಂದು ಮುಟ್ಟಿಸಿ, ಗುರುತು ಕಟ್ಟುವ ಸೂಕ್ಷ್ಮ ಕೆಲಸ. ಅದನ್ನು ಮಾಡುವವರು ಬಹುಪಾಲು ಹಳ್ಳಿಯ ಹೆಂಗಸರು. ಇಷ್ಟು ಕೈಚಳಕ, ಇಷ್ಟು ಶಿಸ್ತು ಇರುವ ಊರಿನ ಪಕ್ಕದಲ್ಲೇ ಬ್ಯಾಡಗಿ ಡಬ್ಬಿಯ ಶುದ್ಧ ಬೀಜಕ್ಕೆ ರೈತ ಪರದಾಡುತ್ತಾನೆ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ. ಮೆಣಸಿನಗಿಡ ತನ್ನ ಹೂವಿನಲ್ಲೇ ಕಾಯಿ ಕಟ್ಟಬಲ್ಲದು, ಆದರೆ ಜೇನು ಬಂದರೆ ಪಕ್ಕದ ಹೊಲದ ಪರಾಗವನ್ನೂ ಸ್ವೀಕರಿಸುತ್ತದೆ. ಸುತ್ತ ಹೈಬ್ರಿಡ್ ಇದ್ದರೆ ಡಬ್ಬಿಯ ಬೀಜ ಎರಡು ಮೂರು ಹಂಗಾಮಿನಲ್ಲಿ ಬೆರಕೆಯಾಗುತ್ತದೆ. ಹಿಂದೆ ಊರಿಗೂರೇ ಡಬ್ಬಿ ಹಾಕುತ್ತಿದ್ದಾಗ ಬೀಜ ಕಾಯುವುದು ಯಾರ ಕೆಲಸವೂ ಆಗಿರಲಿಲ್ಲ, ತಾನಾಗಿ ಕಾಯುತ್ತಿತ್ತು. ಈಗ ಹಾವೇರಿ ಜಿಲ್ಲೆಯ ಬಹುಪಾಲು ನೆಲ ಗೋವಿನಜೋಳದ ಕೈಗೆ ಹೋಗಿದೆ. ಅಲ್ಲೊಂದು ಇಲ್ಲೊಂದು ಉಳಿದ ಮೆಣಸಿನ ಹೊಲದಲ್ಲಿ ಬೀಜವನ್ನು ಪ್ರಯತ್ನಪಟ್ಟೇ ಕಾಯಬೇಕು. ದೇವಿಹೊಸೂರಿನಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯದ ಕಾಲೇಜಿದೆ, ಹನುಮನಮಟ್ಟಿಯಲ್ಲಿ ಕೃಷಿ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಇವೆ. ಬಲೆಯ ಮನೆಯೊಳಗೆ ಡಬ್ಬಿ, ಕಡ್ಡಿಯ ಶುದ್ಧ ಸಾಲು ಬೆಳೆದು ಬೀಜ ಹಂಚಲು ಬೇಕಾದ ವಿದ್ಯೆಯೂ ಕೈಗಳೂ ಈ ಒಂದೇ ಜಿಲ್ಲೆಯಲ್ಲಿವೆ. ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ, ರೈತ ನಂಬಿ ಕೊಳ್ಳುವಂತೆ ನಡೆಸಬೇಕು. ರೋಗದ ಕಾಟವೂ ಇದನ್ನೇ ಹೇಳುತ್ತದೆ. ಎಲೆ ಮುಟುರು ಹಳೆಯ ಶತ್ರು. 2021ರಲ್ಲಿ ಹೊಸ ಜಾತಿಯ ಥ್ರಿಪ್ಸ್ ಹೂವಿಗೇ ಮುತ್ತಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳನ್ನು ಹಾಳುಗೆಡವಿತು. ಅಂಥ ವರ್ಷ ಬೀಜಕ್ಕೆಂದು ಕಾಯಿ ಎತ್ತಿಡುವ ಮನಸ್ಸು ಯಾವ ರೈತನಿಗೆ ಬಂದೀತು?

ಪೇಟೆಯ ಇನ್ನೊಂದು ಮುಖವೂ ಇದೆ. ಬೆಳಿಗ್ಗೆ ಹಮಾಲರು ಚೀಲ ಇಳಿಸಿ ಲಾಟು ಹಚ್ಚುತ್ತಾರೆ. ಖರೀದಿದಾರರು ಲಾಟಿನಿಂದ ಲಾಟಿಗೆ ನಡೆಯುತ್ತ, ಮುಷ್ಟಿ ಕಾಯಿ ಎತ್ತಿ ಹಿಸುಕಿ, ಮುರಿದು, ಮೂಸಿ, ಇ-ಟೆಂಡರಿನಲ್ಲಿ ದರ ಬರೆಯುತ್ತಾರೆ. ಮಧ್ಯಾಹ್ನ ದರ ಘೋಷಣೆ. ಒಪ್ಪದಿದ್ದರೆ ರೈತ ಮಾಲು ಕೊಡಬೇಕಾಗಿಲ್ಲ, ಶೀತಲಗೃಹದಲ್ಲಿ ಇಡಬಹುದು. ಆದರೆ ಲಾರಿ ಬಾಡಿಗೆ ಸಾಲ ಮಾಡಿ ಬಂದವನಿಗೆ ಆ ಆಯ್ಕೆ ಬಾಯಿಮಾತಿನದು. ಮಾರಾಟವಾದ ಕಾಯಿ ಗೋದಾಮಿಗೆ ಹೋಗುತ್ತದೆ. ಅಲ್ಲಿ ಸಾಲಾಗಿ ಕೂತ ಹೆಂಗಸರು ಒಂದೊಂದೇ ಕಾಯಿಯ ತೊಟ್ಟು ಬಿಡಿಸುತ್ತಾರೆ, ಕೂಲಿ ಕೆ.ಜಿ. ಲೆಕ್ಕದಲ್ಲಿ. ಮೂಗಿಗೆ ಸೆರಗು ಕಟ್ಟಿಕೊಂಡು ದಿನವಿಡೀ ಆ ಘಾಟಿನಲ್ಲಿ ಕೂತಿರುತ್ತಾರೆ. ಬ್ಯಾಡಗಿ ಮತ್ತು ಸುತ್ತಲಿನ ಹಳ್ಳಿಗಳ ಸಾವಿರಾರು ಮನೆಗಳ ಒಲೆ ಉರಿಯುವುದು ಈ ಕೂಲಿಯಿಂದ. ಪೇಟೆಯ ಹೆಸರು ಕೆಟ್ಟರೆ ಮೊದಲು ಕೆಲಸ ಕಳೆದುಕೊಳ್ಳುವವರೂ ಇವರೇ.

2024ರ ಮಾರ್ಚ್ 11, ಸೋಮವಾರ. ಆ ದಿನ ಭಾರಿ ಪ್ರಮಾಣದ ಆವಕ ಬಂದಿತ್ತು. ಘೋಷಣೆಯಾದ ದರ ನೋಡಿ, ಹಿಂದಿನ ವಾರಗಳಿಗೆ ಹೋಲಿಸಿದರೆ ಒಮ್ಮೆಲೇ ಕುಸಿದಿದೆಯೆಂದು ರೈತರು ಸಿಟ್ಟಿಗೆದ್ದರು. ಎಪಿಎಂಸಿ ಕಚೇರಿಗೆ ನುಗ್ಗಿದರು. ಕಲ್ಲು ತೂರಾಟವಾಯಿತು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದನ್ನು ಯಾರೂ ಸಮರ್ಥಿಸಲಾರರು. ಆದರೆ ಆ ದಿನದ ಕುಸಿತದ ಬೇರು ಎಲ್ಲಿದೆ ಎಂದು ಕೇಳದೆ ಬಿಡುವಂತೆಯೂ ಇಲ್ಲ. ಹಿಂದಿನ ವರ್ಷಗಳಲ್ಲಿ ದರ ಏರಿತ್ತು. ಡಬ್ಬಿ ಕ್ವಿಂಟಲಿಗೆ 50 ಸಾವಿರ ರೂಪಾಯಿ ದಾಟಿದ ದಿನಗಳೂ ಇದ್ದವು. ಆ ಸುದ್ದಿ ಕೇಳಿ ದೂರ ದೂರದ ನೀರಾವರಿ ಸೀಮೆಯ ರೈತರು ಮೆಣಸಿನಕಾಯಿ ಹಾಕಿದರು. ಅವರು ಹಾಕಿದ್ದು ಡಬ್ಬಿಯಲ್ಲ, ಹೈಬ್ರಿಡ್. ಕೇಳಿದ ದರ ಡಬ್ಬಿಯದು, ತಂದ ಮಾಲು ಬೇರೆಯದು. ಬ್ಯಾಡಗಿ ದರ ಎಂಬ ಒಂದೇ ಮಾತು ಎರಡಕ್ಕೂ ನಡೆಯುತ್ತಿದ್ದುದರಿಂದ ಅವರಿಗೆ ಆದದ್ದು ಮೋಸವೆಂದೇ ಅನ್ನಿಸಿದರೆ ಆಶ್ಚರ್ಯವಿಲ್ಲ. ಹೆಸರು ಬೆರಕೆಯಾದಾಗ ದೇಸಿ ಬೆಳೆದವನಷ್ಟೇ ಅಲ್ಲ, ಹೈಬ್ರಿಡ್ ಬೆಳೆದವನೂ ಕೆಡುತ್ತಾನೆ.

ಭೌಗೋಳಿಕ ಸೂಚಕಗಳ ಕಾಯ್ದೆ ಸಂಸತ್ತಿನಲ್ಲಿ ಆದದ್ದು 1999ರಲ್ಲಿ, ಜಾರಿಗೆ ಬಂದದ್ದು 2003ರಲ್ಲಿ. ಅದರಲ್ಲಿ ಎರಡು ಹಂತಗಳಿವೆ. ಮೊದಲನೆಯದು ಹೆಸರನ್ನು ನೋಂದಾಯಿಸುವುದು. ಎರಡನೆಯದು, ಆ ಹೆಸರು ಬಳಸುವ ಹಕ್ಕುಳ್ಳ ಬೆಳೆಗಾರರು, ತಯಾರಕರು ಒಬ್ಬೊಬ್ಬರಾಗಿ ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಳ್ಳುವುದು. ಮೊದಲನೆಯದು ಆಗಿ ಸಂಭ್ರಮಿಸಿದ್ದೇವೆ. ಎರಡನೆಯದು ಹಳ್ಳಿಯ ಮಟ್ಟಕ್ಕೆ ಇಳಿಯದಿದ್ದರೆ ಮಾನ್ಯತೆ 1969ರ ಮಾರ್ಸಾಲಾದಂತೆ ಗಡಿಗೆರೆಯಾಗಿ ಉಳಿಯುತ್ತದೆ. 1984ರಲ್ಲಿ ಅವರು ಮಾಡಿದ ಕೆಲಸ ನಮ್ಮಲ್ಲಿ ಆಗಬೇಕಾದದ್ದು ದಿಲ್ಲಿಯಲ್ಲಲ್ಲ, ಚೆನ್ನೈನ ನೋಂದಣಿ ಕಚೇರಿಯಲ್ಲೂ ಅಲ್ಲ, ಬ್ಯಾಡಗಿಯ ಪ್ರಾಂಗಣದಲ್ಲಿ. ಲಾಟು ಹಚ್ಚುವಾಗಲೇ ದೇಸಿ ಡಬ್ಬಿ, ದೇಸಿ ಕಡ್ಡಿ, ಹೈಬ್ರಿಡ್ ಬೇರೆ ಬೇರೆ ಸಾಲಿಗೆ ಹೋಗಬೇಕು. ಹೈಬ್ರಿಡ್ಡಿಗೆ ಅದರ ತಳಿಯ ಹೆಸರಿನಲ್ಲೇ ದರ ಹೊರಬೀಳಬೇಕು. ಬೀಜ ಎಲ್ಲಿಂದ ತಂದದ್ದು, ಯಾವ ಊರಿನ ಹೊಲದ್ದು ಎಂಬುದು ಲಾಟಿನ ಚೀಟಿಯಲ್ಲಿ ದಾಖಲಾಗಬೇಕು. ಅನುಮಾನ ಬಂದ ಲಾಟಿನಿಂದ ಮಾದರಿ ತೆಗೆದು ಅಲ್ಲೇ ಬಣ್ಣ ಅಳೆಯುವ ಪ್ರಯೋಗಾಲಯ ರೈತನಿಗೂ ತೆರೆದಿರಬೇಕು, ಖರೀದಿದಾರನ ಮುಷ್ಟಿಯೊಂದೇ ತಕ್ಕಡಿಯಾಗಬಾರದು. ಇದಕ್ಕೆ ವರ್ತಕರ ಸಮ್ಮತಿ ಬೇಕು. ಅವರು ಸಮ್ಮತಿಸುತ್ತಾರೆಂದು ನಾನು ನಂಬುತ್ತೇನೆ. ಈ ಹೆಸರನ್ನು ಕಟ್ಟಿದವರಲ್ಲಿ ಅವರ ಅಜ್ಜಂದಿರೂ ಇದ್ದಾರೆ, ಹೆಸರು ಹೋದ ಪೇಟೆಗೆ ಗುಂಟೂರಿನ ಎದುರು ನಿಲ್ಲುವ ಬೇರೆ ಬಲವಿಲ್ಲವೆಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಕುಂದಗೋಳ, ಸವಣೂರು, ಹಿರೇಕೆರೂರು ಕಡೆ ಇವತ್ತಿಗೂ ಡಬ್ಬಿ ಹಾಕುವ ರೈತರಿದ್ದಾರೆ. ದ್ಯಾವನೂರ ಡಬ್ಬಿ ಎಂದರೆ ಈಗಲೂ ಖರೀದಿದಾರರ ಕಿವಿ ನೆಟ್ಟಗಾಗುತ್ತದೆ. ಅವರ ಕಾಯಿ ಕಡಿಮೆ, ದರ ಹೆಚ್ಚು. ಆ ದರ ಪ್ರತಿ ವರ್ಷ ನಿಶ್ಚಿತವಾಗಿ ಸಿಗುತ್ತದೆಂಬ ಭರವಸೆ ಇದ್ದರೆ ಗೋವಿನಜೋಳದ ನಾಲ್ಕೆಕರೆಯಲ್ಲಿ ಒಂದೆಕರೆ ಮರಳಿ ಮೆಣಸಿನಕಾಯಿಗೆ ಬಂದೀತು. ಮುಂಗಾರಿನ ಮೊದಲ ಹದಕ್ಕೆ ಸಸಿಮಡಿ ಮಾಡುವ ಹೊತ್ತು ಮೇ ಕೊನೆ, ಜೂನ್. ಯಾವ ಬೀಜ ಚೆಲ್ಲಬೇಕೆಂದು ರೈತ ತೀರ್ಮಾನಿಸುವುದು ಮಾರ್ಚ್‌ನಲ್ಲಿ ತನಗೆ ಸಿಕ್ಕ ಲಾಟಿನ ಚೀಟಿ ನೋಡಿ. ಅದರಲ್ಲಿ ದೇಸಿ ಡಬ್ಬಿ ಎಂದು ಬರೆದಿದ್ದು, ಎದುರಿಗೆ ಅದಕ್ಕೆಂದೇ ಕೊಟ್ಟ ದರ ಇದ್ದರೆ, ಬೀಜದ ಗಡಿಗೆಯನ್ನು ಆತ ಈ ವರ್ಷವೂ ಖಾಲಿ ಬಿಡಲಾರ.